ಕ್ಯಾನ್ಸರ್ ಮಿದುಳಿಗೆ ಹರಡಿದೆಯೇ? ಪತ್ತೆ ಮಾಡಿಸುವ ದಾರಿ, ಹಂತ ಹಂತವಾಗಿ

"ಅಮ್ಮನಿಗೆ ಮೊದಲು ಸ್ತನ ಕ್ಯಾನ್ಸರ್ ಆಗಿತ್ತು, ಈಗ ತಲೆನೋವು ಅಂತಾರೆ. ಸಿ.ಟಿ. ಸಾಕಾ, ಎಂ.ಆರ್.ಐ. ಬೇಕಾ?" "ಪೆಟ್ ಸ್ಕ್ಯಾನ್‌ನಲ್ಲಿ ತಲೆಯಲ್ಲಿ ಏನೂ ಇಲ್ಲ ಅಂದಿದ್ರು, ಮತ್ತೆ ಫಿಟ್ಸ್ ಯಾಕೆ ಬಂತು?" "ತಲೆಯ ಬಯಾಪ್ಸಿ ಮಾಡಿಸಲೇಬೇಕಾ?" ಈ ಮೂರು ಪ್ರಶ್ನೆಗಳು ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತವೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆದಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕೂತಾಗ ಏನು ಕೇಳಬೇಕು, ಯಾವ ಕಾಗದ ಕೈಯಲ್ಲಿರಬೇಕು ಎಂಬುದು ಗೊತ್ತಿರಲಿ ಎಂಬುದಷ್ಟೇ ಉದ್ದೇಶ.

ದೇಹದ ಬೇರೆ ಭಾಗದಲ್ಲಿ ಹುಟ್ಟಿದ ಕ್ಯಾನ್ಸರ್‌ನ ಜೀವಕೋಶಗಳು ರಕ್ತದ ಮೂಲಕ ಮಿದುಳಿಗೆ ಹೋಗಿ ಅಲ್ಲಿ ಗಡ್ಡೆ ಕಟ್ಟಿದರೆ ಅದನ್ನು ಮೆಟಾಸ್ಟಾಸಿಸ್ ಎನ್ನುತ್ತಾರೆ. ಆಸ್ಪತ್ರೆಯ ಮಾತಿನಲ್ಲಿ 'ಬ್ರೈನ್ ಮೆಟ್ಸ್' ಅಥವಾ 'ಸೆಕೆಂಡರೀಸ್'. ಇದು ಮಿದುಳಿನಲ್ಲೇ ಹುಟ್ಟಿದ ಕ್ಯಾನ್ಸರ್ ಅಲ್ಲ. ಶ್ವಾಸಕೋಶದಿಂದ ಬಂದಿದ್ದರೆ ಅದು ಮಿದುಳಿನಲ್ಲಿ ಕೂತ ಶ್ವಾಸಕೋಶದ ಕ್ಯಾನ್ಸರ್, ಚಿಕಿತ್ಸೆಯೂ ಅದರ ಪ್ರಕಾರವೇ. ದೊಡ್ಡವರಲ್ಲಿ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಿಂತ ಹೀಗೆ ಹರಡಿ ಬರುವುದೇ ಹೆಚ್ಚು. ಶ್ವಾಸಕೋಶ, ಸ್ತನ, ಮೂತ್ರಪಿಂಡ, ದೊಡ್ಡಕರುಳು ಮತ್ತು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದಕ್ಕೆ ಮುಖ್ಯ ಮೂಲಗಳು. ಮೆಲನೋಮ ನಮ್ಮಲ್ಲಿ ಅಪರೂಪ, ಹಾಗಾಗಿ ಇಲ್ಲಿ ನೋಡುವುದು ಹೆಚ್ಚಾಗಿ ಮೊದಲೆರಡನ್ನೇ.

ಪತ್ತೆ ತಡವಾಗುವುದು ಎಷ್ಟೋ ಸಲ ಯಂತ್ರವಿಲ್ಲದೆ ಅಲ್ಲ, ಪರೀಕ್ಷೆಗಳನ್ನು ಹಿಂದುಮುಂದಾಗಿ ಮಾಡಿಸುವುದರಿಂದ. ದುಬಾರಿಯಾದದ್ದು ಮೊದಲು, ಬೇಕಾದದ್ದು ಕೊನೆಗೆ ಆಗುತ್ತದೆ. ಆದ್ದರಿಂದ ಕ್ರಮಕ್ಕೆ ಗಮನ ಕೊಡಿ.

ಹಂತ 1: ಲಕ್ಷಣ ಗುರುತಿಸಿ, ಬರೆದಿಡಿ

ಬೆಳಗ್ಗೆ ಏಳುತ್ತಲೇ ತಲೆನೋವು, ಜೊತೆಗೆ ವಾಂತಿ, ಕೆಮ್ಮಿದರೆ ಬಗ್ಗಿದರೆ ನೋವು ಜಾಸ್ತಿ. ಪುಸ್ತಕದಲ್ಲಿರುವುದು ಇದು. ಇದಿದ್ದರೆ ಖಂಡಿತ ಎಚ್ಚರ ವಹಿಸಿ. ಆದರೆ ಎಷ್ಟೋ ರೋಗಿಗಳಲ್ಲಿ ತಲೆನೋವು ಸಾಮಾನ್ಯ ತಲೆನೋವಿನ ಹಾಗೇ ಇರುತ್ತದೆ, ಕೆಲವರಿಗೆ ತಲೆನೋವೇ ಇರುವುದಿಲ್ಲ. ಗಡ್ಡೆ ಮಿದುಳಿನ ಯಾವ ಜಾಗದಲ್ಲಿದೆಯೋ ಆ ಜಾಗದ ಕೆಲಸ ಕೆಡುತ್ತದೆ. ಅದು ಮೊದಲು ಕಾಣುವುದು ಮನೆಯವರಿಗೆ.

ಇವನ್ನು ಗಮನಿಸಿ. ನಡೆಯುವಾಗ ಒಂದೇ ಕಾಲಿನ ಚಪ್ಪಲಿ ಪದೇ ಪದೇ ಜಾರಿಹೋಗುತ್ತಿದೆಯೇ? ಹೋದದ್ದು ಅವರಿಗೆ ಗೊತ್ತಾಗುತ್ತಿದೆಯೇ? ನರರೋಗ ತಜ್ಞರು ಈ ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ. ಗೊತ್ತಾಗಿಯೂ ಹಿಡಿದಿಡಲು ಆಗದಿದ್ದರೆ ಕಾಲಿನ ಬಲ ಕಡಿಮೆಯಾಗಿದೆ, ಗೊತ್ತೇ ಆಗದಿದ್ದರೆ ಸ್ಪರ್ಶಜ್ಞಾನ ಕಡಿಮೆಯಾಗಿದೆ ಎಂಬ ಸುಳಿವು. ಅನ್ನ ಕಲಸುವಾಗ, ಗುಂಡಿ ಹಾಕುವಾಗ, ಸೀರೆ ನೆರಿಗೆ ಹಿಡಿಯುವಾಗ ಒಂದು ಕೈ ತೊಡಕುತ್ತಿದೆಯೇ? ಗೊತ್ತಿರುವ ಪದವೇ ಬಾಯಿಗೆ ಬರುತ್ತಿಲ್ಲವೇ? ಒಂದೇ ಬದಿಯ ಬಾಗಿಲಿಗೆ, ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಾರೆಯೇ? ಸದಾ ಲೆಕ್ಕ ಇಡುತ್ತಿದ್ದವರು ಹಾಲಿನವನ ಲೆಕ್ಕ ತಪ್ಪುತ್ತಿದ್ದಾರೆಯೇ? ಕುಡಿದವರಂತೆ ತೂರಾಡುತ್ತಾರೆಯೇ? ಯಾವತ್ತಿನಿಂದ ಶುರುವಾಯಿತು, ದಿನೇ ದಿನೇ ಹೆಚ್ಚುತ್ತಿದೆಯೇ ಎಂಬುದನ್ನು ದಿನಾಂಕ ಹಾಕಿ ಬರೆದಿಡಿ. ಫಿಟ್ಸ್ ಬಂದರೆ, ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಸಿ. ಅರ್ಧ ಗಂಟೆಯ ವಿವರಣೆಗಿಂತ ಅರ್ಧ ನಿಮಿಷದ ವಿಡಿಯೊ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಎಡವುವುದು ಎಲ್ಲಿ: ವಾಂತಿಯಾದರೆ "ಪಿತ್ತ", "ಗ್ಯಾಸ್ಟ್ರಿಕ್", "ಕೀಮೋದ್ದು" ಎಂದು ಮುಚ್ಚಿಹಾಕುವುದು. ಮರೆವು ಬಂದರೆ "ವಯಸ್ಸಾಯಿತು" ಎನ್ನುವುದು. ಕೀಮೋ ಮುಗಿದು ತಿಂಗಳುಗಳಾದ ಮೇಲೆ ಬರುವ ವಾಂತಿಗೆ ಕೀಮೋ ಕಾರಣವಲ್ಲ. ಹಳೆಯ ಕ್ಯಾನ್ಸರ್ "ಪೂರ್ತಿ ವಾಸಿಯಾಗಿದೆ" ಎಂದು ಹೊಸ ವೈದ್ಯರಿಗೆ ಹೇಳದೇ ಇರುವುದು ಇನ್ನೂ ದೊಡ್ಡ ತಪ್ಪು. ಸ್ತನ ಮತ್ತು ಮೂತ್ರಪಿಂಡದ ಕ್ಯಾನ್ಸರ್ ಹಲವು ವರ್ಷ ಸುಮ್ಮನಿದ್ದು ಮರಳಬಲ್ಲವು. ನರರೋಗದ ಒ.ಪಿ.ಡಿ.ಯಲ್ಲಿ ಕೂತಾಗ ಮೊದಲ ವಾಕ್ಯವೇ ಅದಾಗಿರಲಿ.

ಹಂತ 2: ಕಾಯಬಾರದ ಸಂದರ್ಭ

ಈ ಕೆಳಗಿನ ಯಾವುದಾದರೂ ಇದ್ದರೆ ಅಪಾಯಿಂಟ್‌ಮೆಂಟ್ ಹುಡುಕಬೇಡಿ. ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ, ಅಥವಾ 108ಕ್ಕೆ ಕರೆ ಮಾಡಿ.

- ಜೀವನದಲ್ಲೇ ಮೊದಲ ಸಲ ಬಂದ ಫಿಟ್ಸ್, 5 ನಿಮಿಷ ದಾಟಿದ ಫಿಟ್ಸ್, ಒಂದರ ಹಿಂದೆ ಒಂದು ಬರುವ ಫಿಟ್ಸ್
- ಇದ್ದಕ್ಕಿದ್ದಂತೆ ತಲೆ ಸಿಡಿಯುವಂಥ ನೋವು
- ಮಂಪರು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು
- ತಟ್ಟನೆ ಕೈಕಾಲು ಬಿದ್ದುಹೋಗುವುದು, ಮಾತು ನಿಲ್ಲುವುದು

ಕೊನೆಯದು ಪಾರ್ಶ್ವವಾಯು ಕೂಡ ಆಗಿರಬಹುದು. ಕ್ಯಾನ್ಸರ್ ಇರುವವರಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಹಾಕುವುದು ಬೇಡ. ಪಕ್ಕಕ್ಕೆ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ಗಡಿಯಾರ ನೋಡಿ. ಒಮ್ಮೆ ಫಿಟ್ಸ್ ಬಂದವರು ವೈದ್ಯರು ಹೇಳುವವರೆಗೆ ಬೈಕ್ ಮುಟ್ಟಬಾರದು.

ತುರ್ತು ವಿಭಾಗದಲ್ಲಿ ಮೊದಲು ಮಾಡುವುದು ಸಾದಾ ಸಿ.ಟಿ. ಸ್ಕ್ಯಾನ್. ಅದು ಸರಿಯೇ. ರಕ್ತಸ್ರಾವ, ಹೆಚ್ಚಿನ ಊತ, ನೀರು ತುಂಬಿರುವುದು ಕೆಲವೇ ನಿಮಿಷದಲ್ಲಿ ಅದರಲ್ಲಿ ಕಾಣುತ್ತದೆ. ಆದರೆ ಸಣ್ಣ ಗಡ್ಡೆಗಳು ಅದಕ್ಕೆ ಕಾಣುವುದಿಲ್ಲ. "ಸಿ.ಟಿ. ನಾರ್ಮಲ್" ಎಂದರೆ "ಈ ಕ್ಷಣ ಪ್ರಾಣಾಪಾಯ ಕಾಣುತ್ತಿಲ್ಲ" ಎಂದು ಅರ್ಥ ಮಾಡಿಕೊಳ್ಳಿ, "ಹರಡಿಲ್ಲ" ಎಂದಲ್ಲ.

ಹಂತ 3: ಕಾಂಟ್ರಾಸ್ಟ್ ಹಾಕಿದ ಎಂ.ಆರ್.ಐ.

ಇಡೀ ಪತ್ತೆಕಾರ್ಯ ನಿಂತಿರುವುದು ಇದರ ಮೇಲೆ. ಚೀಟಿಯಲ್ಲಿ 'ಎಂ.ಆರ್.ಐ. ಬ್ರೈನ್ ವಿತ್ ಕಾಂಟ್ರಾಸ್ಟ್' ಎಂದೇ ಇರಬೇಕು. ಕಾಂಟ್ರಾಸ್ಟ್ ಎಂದರೆ ಕೈಯ ರಕ್ತನಾಳಕ್ಕೆ ಕೊಡುವ ಗ್ಯಾಡೊಲಿನಿಯಂ ಎಂಬ ದ್ರಾವಣ. ಆರೋಗ್ಯವಂತ ಮಿದುಳಿನ ರಕ್ತನಾಳಗಳು ಅದನ್ನು ಒಳಗೆ ಬಿಡುವುದಿಲ್ಲ, ಗಡ್ಡೆ ಇರುವ ಕಡೆ ಆ ತಡೆ ಸೋರುತ್ತದೆ, ದ್ರಾವಣ ಅಲ್ಲಿ ನಿಂತು ಬೆಳ್ಳಗೆ ಹೊಳೆಯುತ್ತದೆ. ಕೆಲವೇ ಮಿಲಿಮೀಟರ್ ಗಾತ್ರದ ಗಡ್ಡೆ ಕಾಣುವುದೂ ಹೀಗೆಯೇ. ಖರ್ಚು ಉಳಿಸಲೆಂದು ಕಾಂಟ್ರಾಸ್ಟ್ ಇಲ್ಲದೆ ಮಾಡಿಸಿ, ಆಮೇಲೆ "ಮತ್ತೆ ಮಾಡಿಸಿ" ಎಂದಾಗ ಎರಡು ಪಟ್ಟು ಖರ್ಚು ಮಾಡಿದವರು ಬಹಳ ಮಂದಿ. ಸಾಧ್ಯವಿದ್ದರೆ 1 ಮಿಲಿಮೀಟರ್‌ನ ತೆಳು ಪದರದ ಚಿತ್ರಗಳನ್ನು ತೆಗೆಯುತ್ತಾರೆಯೇ ಎಂದು ಕೇಳಿ. ಮುಂದೆ ಗಡ್ಡೆಯನ್ನೇ ಗುರಿಯಿಟ್ಟು ವಿಕಿರಣ ಕೊಡುವುದಾದರೆ ಅವು ಬೇಕೇ ಬೇಕು.

ಹೋಗುವ ಮುಂಚೆ ಇಷ್ಟು ಸಿದ್ಧ ಮಾಡಿಕೊಳ್ಳಿ:

- ಇತ್ತೀಚಿನ ಕ್ರಿಯಾಟಿನಿನ್ ವರದಿ. ಇದು ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ. ಮೂತ್ರಪಿಂಡ ಬಹಳ ದುರ್ಬಲವಾಗಿದ್ದರೆ ಯಾವ ಬಗೆಯ ಗ್ಯಾಡೊಲಿನಿಯಂ ಎಂಬುದನ್ನು ವೈದ್ಯರು ಯೋಚಿಸಿ ಆರಿಸುತ್ತಾರೆ.
- ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಸ್ತನ ಮರುರಚನೆಗೆ ಇಟ್ಟ ಎಕ್ಸ್‌ಪ್ಯಾಂಡರ್: ಯಾವುದಿದ್ದರೂ ಅದರ ಕಾರ್ಡ್ ಸಮೇತ ಹೇಳಿ.
- ವೆಲ್ಡಿಂಗ್, ಲೇತ್ ಕೆಲಸ ಮಾಡಿದವರ ಕಣ್ಣಲ್ಲಿ ಲೋಹದ ಚೂರು ಸಿಕ್ಕಿದ್ದುಂಟೇ ಎಂಬುದನ್ನೂ ಹೇಳಿ.
- ತಾಳಿ, ಬಳೆ, ಮೂಗುತಿ, ಕಾಲುಂಗುರ, ಹೇರ್‌ಪಿನ್ ಮನೆಯಲ್ಲೇ ತೆಗೆದು ಹೋಗಿ. ಎಷ್ಟೋ ಅಜ್ಜಿಯರ ಕಾಲುಂಗುರ ಬೆರಳಿಗೇ ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ಸೋಪುನೀರು ಹಾಕಿ ಸಡಿಲಿಸಿ. ತಾಳಿ ತೆಗೆಯಲು ಹಿಂಜರಿಯುವವರಿಗೆ ಅರಿಶಿನ ದಾರವೊಂದನ್ನು ಕಟ್ಟಿದರೆ ಸಮಾಧಾನ.

ಒಟ್ಟು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯಬಹುದು. ಯಂತ್ರದ ಸದ್ದು ಜೋರು, ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಇದರಲ್ಲಿ ಎಕ್ಸ್‌ರೇ ಇಲ್ಲ. ಅಲುಗಾಡಿದರೆ ಚಿತ್ರ ಕಲಸಿಹೋಗುತ್ತದೆ. ಮುಚ್ಚಿದ ಜಾಗದ ಭಯ ಇದ್ದರೆ ಮೊದಲೇ ಹೇಳಿ.

ಎಡವುವುದು ಎಲ್ಲಿ: ಪೆಟ್-ಸಿ.ಟಿ. ಆಗಿದೆ, ಅದರಲ್ಲಿ "ಬ್ರೈನ್ ನಾರ್ಮಲ್" ಎಂದಿದೆ, ಹಾಗಾಗಿ ಎಂ.ಆರ್.ಐ. ಬೇಡ ಎಂದುಕೊಳ್ಳುವುದು. ಪೆಟ್ ಸ್ಕ್ಯಾನ್ ನೋಡುವುದು ಯಾವ ಅಂಗ ಹೆಚ್ಚು ಗ್ಲೂಕೋಸ್ ಹೀರುತ್ತಿದೆ ಎಂಬುದನ್ನು. ಮಿದುಳಿಗೆ ಆರೋಗ್ಯವಿದ್ದಾಗಲೂ ಗ್ಲೂಕೋಸೇ ಆಹಾರ, ಅದು ಇಡಿಯಾಗಿ ಉರಿಯುತ್ತಿರುತ್ತದೆ. ಅಲ್ಲಿ ಸಣ್ಣ ಗಡ್ಡೆ ಹುಡುಕುವುದು ದೀಪಾವಳಿ ರಾತ್ರಿ ಬೀದಿಯಲ್ಲಿ ಒಂದು ಹಣತೆ ಹುಡುಕಿದ ಹಾಗೆ. ಪೆಟ್ ಬಹಳ ಉಪಯೋಗದ ಪರೀಕ್ಷೆ, ಆದರೆ ಕತ್ತಿನಿಂದ ಕೆಳಗೆ.

ಲಕ್ಷಣವೇ ಇಲ್ಲದವರಿಗೂ ಬೇಕೇ? ಶ್ವಾಸಕೋಶದ ಸ್ಮಾಲ್ ಸೆಲ್ ಎಂಬ ಬಗೆಯಲ್ಲಿ ಎಲ್ಲರಿಗೂ ಬೇಕು. ಶ್ವಾಸಕೋಶದ ಉಳಿದ ಬಗೆಗಳಲ್ಲಿ ಸಾಮಾನ್ಯವಾಗಿ ಎರಡನೇ ಸ್ಟೇಜ್‌ನಿಂದ ಮುಂದೆ ಮಾಡಿಸುತ್ತಾರೆ. ಮೊದಲ ಹಂತದ ಸ್ತನ ಕ್ಯಾನ್ಸರ್‌ನಲ್ಲಿ ಸುಮ್ಮನೆ ಮಾಡಿಸುವ ಅಗತ್ಯವಿಲ್ಲ. ಆದರೆ ಈಗಾಗಲೇ ಬೇರೆಡೆ ಹರಡಿರುವ ಹರ್-2 ಪಾಸಿಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ) ಮತ್ತು ಟ್ರಿಪಲ್ ನೆಗೆಟಿವ್ (ಹರ್-2 ಹೆಚ್ಚಿಲ್ಲದ, ಎರಡು ಹಾರ್ಮೋನ್ ಗ್ರಾಹಕಗಳೂ ಇಲ್ಲದ) ಬಗೆಗಳು ಮಿದುಳಿನ ಕಡೆ ಹೆಚ್ಚು ವಾಲುತ್ತವೆ. ಅಂಥವರಲ್ಲಿ ಸಣ್ಣ ಲಕ್ಷಣಕ್ಕೂ ಸ್ಕ್ಯಾನ್ ಮಾಡಿಸಲು ಹಿಂಜರಿಯಬಾರದು.

ಹಂತ 4: ವರದಿ ಓದುವುದು

ಫಿಲ್ಮ್ ಕವರ್‌ನೊಳಗೆ ಒಂದೂವರೆ ಪುಟದ ಕಾಗದ ಇರುತ್ತದೆ. ಅದರಲ್ಲಿ ಹೀಗೊಂದು ಸಾಲು ಕಾಣಬಹುದು: 'ಮಲ್ಟಿಪಲ್ ರಿಂಗ್ ಎನ್‌ಹ್ಯಾನ್ಸಿಂಗ್ ಲೀಷನ್ಸ್ ಅಟ್ ಗ್ರೇ-ವೈಟ್ ಜಂಕ್ಷನ್ ವಿತ್ ಪೆರಿಲೀಷನಲ್ ಎಡೀಮಾ, ಲೈಕ್ಲಿ ಮೆಟಾಸ್ಟಾಸಿಸ್.' ಬಿಡಿಸಿ ನೋಡೋಣ.

'ಲೀಷನ್' ಎಂದರೆ ಸಹಜವಲ್ಲದ ಜಾಗ, ಅಷ್ಟೇ. ಅದು ಕ್ಯಾನ್ಸರ್ ಎಂದೇ ಅರ್ಥವಲ್ಲ. 'ರಿಂಗ್ ಎನ್‌ಹ್ಯಾನ್ಸಿಂಗ್' ಎಂದರೆ ಅಂಚು ಬಳೆಯಾಕಾರದಲ್ಲಿ ಹೊಳೆಯುತ್ತಿದೆ, ನಡುಭಾಗ ಕಪ್ಪಗಿದೆ. 'ಗ್ರೇ-ವೈಟ್ ಜಂಕ್ಷನ್' ಮಿದುಳಿನ ಹೊರಪದರವೂ ಒಳಭಾಗವೂ ಸೇರುವ ಗಡಿ. ರಕ್ತನಾಳಗಳು ಅಲ್ಲಿ ಕಿರಿದಾಗುತ್ತವೆ, ರಕ್ತದಲ್ಲಿ ತೇಲಿ ಬಂದ ಕೋಶಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. 'ಪೆರಿಲೀಷನಲ್ ಎಡೀಮಾ' ಸುತ್ತಲಿನ ಊತ. ರೋಗಿಯ ತೊಂದರೆಗೆ ಎಷ್ಟೋ ಸಲ ಗಡ್ಡೆಗಿಂತ ಈ ಊತವೇ ಕಾರಣ. 'ಮಿಡ್‌ಲೈನ್ ಶಿಫ್ಟ್' ಎಂದಿದ್ದರೆ ಮಿದುಳಿನ ನಡುಗೆರೆ ಒತ್ತಡಕ್ಕೆ ಪಕ್ಕಕ್ಕೆ ಸರಿದಿದೆ, ಆ ದಿನವೇ ವೈದ್ಯರಿಗೆ ತೋರಿಸಿ. 'ಲೈಕ್ಲಿ' ಎಂಬ ಪದವನ್ನು ಕೆಂಪು ಪೆನ್ನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಅದರ ಅರ್ಥ 'ಇರಬಹುದು'. ಹೊಸ ಹಂತ ಶುರುವಾಗುವುದೇ ಆ ಪದದಿಂದ.

ಗಡ್ಡೆ ಎಷ್ಟು, ದೊಡ್ಡದರ ಅಳತೆ ಎಷ್ಟು, ಎಲ್ಲಿದೆ, ಮಿದುಳಿನ ಪೊರೆಗಳೂ ಹೊಳೆಯುತ್ತಿವೆಯೇ? ಈ ನಾಲ್ಕಕ್ಕೆ ವರದಿಯಲ್ಲಿ ಉತ್ತರವಿಲ್ಲದಿದ್ದರೆ ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರ ಬಳಿ ಕೇಳಿ ಸೇರಿಸಿಕೊಳ್ಳಿ. ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಫಿಲ್ಮನ್ನು ಕಿಟಕಿಗೆ ಹಿಡಿದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊ ನೋಡಿ ಯಾವ ವೈದ್ಯರೂ ನಿರ್ಧಾರ ಹೇಳಲಾರರು, ಹೇಳಿದರೆ ನಂಬಬೇಡಿ.

ಹಂತ 5: ಇದು ನಿಜಕ್ಕೂ ಕ್ಯಾನ್ಸರೇ?

ನಮ್ಮ ದೇಶದಲ್ಲಿ ಈ ಹಂತಕ್ಕೆ ಹೆಚ್ಚಿನ ತೂಕವಿದೆ. ಕಾರಣ, ಎಂ.ಆರ್.ಐ.ನಲ್ಲಿ ಇದೇ ಬಳೆಯಾಕಾರದ ಹೊಳಪು ಕ್ಷಯದ ಗಡ್ಡೆಯಲ್ಲೂ ಬರುತ್ತದೆ, ಅದಕ್ಕೆ ಟ್ಯೂಬರ್‌ಕ್ಯುಲೋಮಾ ಎನ್ನುತ್ತಾರೆ. ಲಾಡಿಹುಳದ ಮರಿಕೋಶ ಮಿದುಳಿನಲ್ಲಿ ಕೂತಾಗಲೂ ಬರುತ್ತದೆ, ಅದು ನ್ಯೂರೋಸಿಸ್ಟಿಸರ್ಕೋಸಿಸ್. ಎರಡೂ ನಮ್ಮಲ್ಲಿ ಸಾಮಾನ್ಯ, ಎರಡೂ ಔಷಧಿಗೆ ಬಗ್ಗುತ್ತವೆ. ಕೀವುಗಡ್ಡೆ, ಮಿದುಳಿನಲ್ಲೇ ಹುಟ್ಟುವ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್, ಲಿಂಫೋಮಾ ಎಂಬ ಬಿಳಿರಕ್ತಕಣಗಳ ಕ್ಯಾನ್ಸರ್ ಕೂಡ ಹೀಗೆ ಕಾಣಬಹುದು. ಕೀಮೋದಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಸೋಂಕಿನ ಗಡ್ಡೆಯ ಸಾಧ್ಯತೆ ಇನ್ನೂ ಹೆಚ್ಚು.

ಕ್ಯಾನ್ಸರ್ ಇದೆ ಎಂದು ಗೊತ್ತಿರುವವರಲ್ಲೂ ಈ ಸಂದೇಹ ಉಳಿಯಬೇಕು. ಅಮೆರಿಕದಲ್ಲಿ ಪ್ಯಾಚೆಲ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾನ್ಸರ್ ಇದ್ದು ಮಿದುಳಿನಲ್ಲಿ ಒಂದೇ ಗಡ್ಡೆ ಕಂಡ 54 ಮಂದಿಯ ಪೈಕಿ 6 ಮಂದಿಗೆ ಅಂಗಾಂಶ ಪರೀಕ್ಷೆಯಲ್ಲಿ ಹೊರಬಿದ್ದದ್ದು ಮೆಟಾಸ್ಟಾಸಿಸ್ ಅಲ್ಲ, ಬೇರೆಯೇ ಕಾಯಿಲೆ. ಅಂದಿಗಿಂತ ಇಂದು ಸ್ಕ್ಯಾನ್‌ಗಳು ಬಹಳ ಸುಧಾರಿಸಿವೆ, ಆದರೂ ಒಂದೇ ಗಡ್ಡೆ ಇದ್ದಾಗ ಈ ಪ್ರಶ್ನೆ ಕೇಳುವುದು ಬಿಡಬೇಡಿ.

ಎಂ.ಆರ್.ಐ. ಯಂತ್ರದಲ್ಲೇ ಕೆಲವು ಹೆಚ್ಚುವರಿ ಚಿತ್ರಗಳು ಸಹಾಯ ಮಾಡುತ್ತವೆ. 'ಡಿಫ್ಯೂಷನ್' ಎಂಬುದು ನೀರಿನ ಕಣಗಳ ಓಡಾಟ ತೋರಿಸುತ್ತದೆ, ಕೀವು ದಪ್ಪಗಿರುವುದರಿಂದ ಅಲ್ಲಿ ಓಡಾಟ ಕಟ್ಟಿಹೋಗಿರುತ್ತದೆ. 'ಪರ್ಫ್ಯೂಷನ್' ರಕ್ತದ ಹರಿವು ತೋರಿಸುತ್ತದೆ. 'ಸ್ಪೆಕ್ಟ್ರೋಸ್ಕೋಪಿ' ಗಡ್ಡೆಯೊಳಗಿನ ರಾಸಾಯನಿಕ ತೋರಿಸುತ್ತದೆ. ಕ್ಷಯದ ಗಡ್ಡೆಯಲ್ಲಿ ಕೊಬ್ಬಿನಂಶದ ಗುರುತು ಎದ್ದು ಕಾಣುವುದು ಹೆಚ್ಚು, ಆದರೆ ನಡುಭಾಗ ಸತ್ತುಹೋದ ಕ್ಯಾನ್ಸರ್ ಗಡ್ಡೆಯಲ್ಲೂ ಅದು ಕಾಣಬಹುದು. ಹಾಗಾಗಿ ಇವೆಲ್ಲ ಸುಳಿವುಗಳು, ತೀರ್ಪಲ್ಲ.

ಎಡವುವುದು ಎಲ್ಲಿ: ಡೆಕ್ಸಾ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಿದುಳಿನ ಊತ ಇಳಿಸುತ್ತದೆ. ಒಂದೆರಡು ದಿನದಲ್ಲೇ ತಲೆನೋವು ಹೋಗುತ್ತದೆ, ಬಿದ್ದ ಕೈ ಏಳುತ್ತದೆ. ಮನೆಯವರು "ಗುಣವಾಯಿತು" ಎಂದು ಮುಂದಿನ ಪರೀಕ್ಷೆ ಕೈಬಿಡುತ್ತಾರೆ. ಇಳಿದದ್ದು ಊತ, ಗಡ್ಡೆ ಅಲ್ಲೇ ಇದೆ. ಇನ್ನೊಂದು ಸಮಸ್ಯೆ, ಅದು ಲಿಂಫೋಮಾ ಆಗಿದ್ದರೆ ಬಯಾಪ್ಸಿಗೆ ಮೊದಲೇ ಸ್ಟೀರಾಯ್ಡ್ ಕೊಟ್ಟಾಗ ಗಡ್ಡೆ ಕರಗಿ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಪ್ರಾಣಾಪಾಯವಿದ್ದಾಗ ಕೊಡಲೇಬೇಕು, ಉಳಿದಂತೆ "ಬಯಾಪ್ಸಿ ಆಗುವವರೆಗೆ ಕಾಯಬಹುದೇ ಡಾಕ್ಟ್ರೇ?" ಎಂದು ಕೇಳಿ. ಶುಗರ್ ಇರುವವರಿಗೆ ಡೆಕ್ಸಾ ಸಕ್ಕರೆ ಏರಿಸುತ್ತದೆ, ಮನೆಯಲ್ಲೇ ಅಳೆಯುತ್ತಿರಿ. ಹಲವು ದಿನ ತೆಗೆದುಕೊಂಡ ಮೇಲೆ ತಟ್ಟನೆ ನಿಲ್ಲಿಸಬಾರದು. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ಮತ್ತೆ ಮತ್ತೆ ತರುವುದಂತೂ ಬೇಡವೇ ಬೇಡ.

ಹಂತ 6: ಎಲ್ಲಿಂದ ಬಂತು?

ಮೊದಲೇ ಕ್ಯಾನ್ಸರ್ ಗೊತ್ತಿದ್ದವರಲ್ಲಿ ಉಳಿದ ದೇಹದ ಸ್ಥಿತಿ ತಿಳಿಯಲು ಎದೆ, ಹೊಟ್ಟೆ, ಸೊಂಟದ ಕಾಂಟ್ರಾಸ್ಟ್ ಸಿ.ಟಿ. ಅಥವಾ ಪೆಟ್-ಸಿ.ಟಿ. ಮಾಡುತ್ತಾರೆ. ಮಿದುಳಿನ ಲಕ್ಷಣವೇ ಮೊದಲು ಕಾಣಿಸಿಕೊಂಡವರೂ ಇದ್ದಾರೆ. ಅಂಥವರಲ್ಲಿ ಹುಡುಕಾಟ ಎದೆಯಿಂದ ಶುರು, ಏಕೆಂದರೆ ಶ್ವಾಸಕೋಶವೇ ಮೊದಲ ಅನುಮಾನ. ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಅದನ್ನು ಕೈಬಿಡಬೇಡಿ. ಹೆಂಗಸರಿಗೆ ಸ್ತನ ಪರೀಕ್ಷೆ ಮತ್ತು ಮ್ಯಾಮೊಗ್ರಫಿ (ಸ್ತನದ ಎಕ್ಸ್‌ರೇ), ಯುವಕರಿಗೆ ವೃಷಣದ ಪರೀಕ್ಷೆ, ಎಲ್ಲರಿಗೂ ಅಂಗಾಲಿನವರೆಗೆ ಚರ್ಮದ ಪರೀಕ್ಷೆ. ಮ್ಯಾಮೊಗ್ರಫಿ ಬಿಟ್ಟರೆ ಉಳಿದವು ಕೈಯಿಂದ ಮುಟ್ಟಿ, ಕಣ್ಣಿಂದ ನೋಡುವ ಪರೀಕ್ಷೆಗಳು, ಖರ್ಚಿಲ್ಲ, ಸಂಕೋಚದಿಂದ ತಪ್ಪಿಹೋಗುತ್ತವೆ.

'ಟ್ಯೂಮರ್ ಮಾರ್ಕರ್ ಪ್ಯಾಕೇಜ್' ಎಂದು ಪ್ರಯೋಗಾಲಯಗಳು ಮಾರುವ ರಕ್ತಪರೀಕ್ಷೆಗಳ ಬಗ್ಗೆ ಒಂದು ಮಾತು. ಸಿ.ಇ.ಎ., ಸಿ.ಎ.-125 ಮುಂತಾದವು ಕ್ಯಾನ್ಸರ್ ಇಲ್ಲದವರಲ್ಲೂ ಏರಬಹುದು, ಇರುವವರಲ್ಲೂ ಏರದೆ ಇರಬಹುದು. ಮಿದುಳಿಗೆ ಹರಡಿದೆಯೇ ಎಂಬುದಕ್ಕೆ ಅವು ಉತ್ತರ ಕೊಡುವುದಿಲ್ಲ. ವೈದ್ಯರು ನಿರ್ದಿಷ್ಟವಾಗಿ ಬರೆದುಕೊಟ್ಟರೆ ಮಾತ್ರ ಮಾಡಿಸಿ.

ಹಂತ 7: ಬಯಾಪ್ಸಿ

ಬಯಾಪ್ಸಿ ಎಂದರೆ ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ತಲೆಯದೇ ಆಗಬೇಕೆಂದಿಲ್ಲ. ಎದೆಯಲ್ಲೋ ಕತ್ತಿನ ಗಂಟಿನಲ್ಲೋ ಯಕೃತ್ತಿನಲ್ಲೋ ಸುಲಭವಾಗಿ ಕೈಗೆ ಸಿಗುವ ಗಡ್ಡೆ ಇದ್ದರೆ ಅಲ್ಲಿಂದ ತೆಗೆಯುತ್ತಾರೆ. ಮೂಲ ಕ್ಯಾನ್ಸರ್ ಈಗಾಗಲೇ ಸಾಬೀತಾಗಿದ್ದು, ಮಿದುಳಿನಲ್ಲಿ ಹಲವು ಗಡ್ಡೆಗಳು ಸ್ಪಷ್ಟವಾಗಿ ಮೆಟಾಸ್ಟಾಸಿಸ್ ಲಕ್ಷಣದವೇ ಆಗಿದ್ದರೆ ತಲೆಯ ಬಯಾಪ್ಸಿ ಇಲ್ಲದೆಯೇ ಮುಂದುವರಿಯುವುದುಂಟು. ಒಂದೇ ಗಡ್ಡೆ, ಹೊಂದಿಕೆಯಾಗದ ಚಿತ್ರ, ಹಳೆಯ ಕ್ಯಾನ್ಸರ್ ಬೇರೆಲ್ಲೂ ಇಲ್ಲದಿರುವುದು, ಕ್ಷಯದ ಅನುಮಾನ: ಇವಿದ್ದರೆ ತಲೆಯದೇ ಬೇಕಾಗುತ್ತದೆ. ದೊಡ್ಡ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದರೆ ಪತ್ತೆಯೂ ಚಿಕಿತ್ಸೆಯೂ ಒಂದೇ ಸಲ. ಆಳದಲ್ಲಿರುವುದಕ್ಕೆ 'ಸ್ಟೀರಿಯೊಟ್ಯಾಕ್ಟಿಕ್' ವಿಧಾನ, ಅಂದರೆ ಸ್ಕ್ಯಾನ್ ಲೆಕ್ಕಾಚಾರದಿಂದ ಜಾಗ ಗುರುತಿಸಿ ಸಣ್ಣ ರಂಧ್ರದಿಂದ ಸೂಜಿ ಇಳಿಸುವುದು. ಇದರ ಮುಖ್ಯ ಅಪಾಯ ರಕ್ತಸ್ರಾವ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. "ಸೂಜಿ ಹಾಕಿದರೆ ಕ್ಯಾನ್ಸರ್ ಕೆರಳುತ್ತದೆ" ಎಂಬ ಮಾತಿಗೆ ಹೆದರಿ ಬಯಾಪ್ಸಿ ಬಿಟ್ಟರೆ ಕ್ಷಯಕ್ಕೆ ಕ್ಯಾನ್ಸರ್ ಚಿಕಿತ್ಸೆ ಕೊಡಿಸುವ ಸ್ಥಿತಿ ಬರಬಹುದು.

ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ 'ಬ್ಲಾಕ್' ಮಾಡುತ್ತಾರೆ, ಅದರಿಂದ ತೆಳು ಪದರ ಕೊಯ್ದು 'ಸ್ಲೈಡ್' ಮಾಡುತ್ತಾರೆ. ಐ.ಎಚ್.ಸಿ. ಎಂಬ ಬಣ್ಣದ ಪರೀಕ್ಷೆ ಮೂಲ ಅಂಗವನ್ನು ಹೇಳುತ್ತದೆ: ಟಿ.ಟಿ.ಎಫ್.-1 ಬಣ್ಣ ಹಿಡಿದರೆ ಶ್ವಾಸಕೋಶದ ಕಡೆ, ಗಾಟಾ-3 ಹಿಡಿದರೆ ಸ್ತನದ ಕಡೆ, ಸಿ.ಡಿ.ಎಕ್ಸ್.-2 ಹಿಡಿದರೆ ಕರುಳಿನ ಕಡೆ ವಾಲುತ್ತದೆ. ಆಮೇಲೆ ಜೀನ್ ಪರೀಕ್ಷೆ. ಶ್ವಾಸಕೋಶದಲ್ಲಿ ಇ.ಜಿ.ಎಫ್.ಆರ್. ಅಥವಾ ಎ.ಎಲ್.ಕೆ. ಬದಲಾವಣೆ ಸಿಕ್ಕರೆ ಮಿದುಳಿಗೂ ತಲುಪುವ ಮಾತ್ರೆಗಳಿವೆ. ಇದನ್ನು ನೋಡದೆ ಚಿಕಿತ್ಸೆ ಶುರು ಮಾಡಿದರೆ ಒಳ್ಳೆಯ ದಾರಿಯೊಂದು ತಪ್ಪಿಹೋಗಬಹುದು. ಸ್ತನ ಕ್ಯಾನ್ಸರ್‌ನಲ್ಲಿ ಮಿದುಳಿನ ಗಡ್ಡೆಯ ಹಾರ್ಮೋನ್ ಮತ್ತು ಹರ್-2 ಗುಣ ಮೂಲ ಗಡ್ಡೆಗಿಂತ ಬೇರೆಯಾಗಿರಬಹುದು. ಹೊಸ ಚೂರು ಸಿಕ್ಕಿದ್ದರೆ ಮತ್ತೆ ಪರೀಕ್ಷಿಸಲು ಕೇಳಿ, ಹಳೆಯ ವರದಿ ಸಾಕು ಎನ್ನಬೇಡಿ.

ಬ್ಲಾಕ್ ರೋಗಿಯ ಸೊತ್ತು ಎಂದೇ ಭಾವಿಸಿ ನೋಡಿಕೊಳ್ಳಿ. ಬೇರೆ ಆಸ್ಪತ್ರೆಗೆ ಹೋಗುವಾಗ ಪೆಥಾಲಜಿ ವಿಭಾಗಕ್ಕೆ ಅರ್ಜಿ ಕೊಟ್ಟು ಪಡೆಯಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಮೇಣ ಕರಗಬಹುದು.

ಹಂತ 8: ಪೊರೆಗೆ ಹರಡಿದ್ದರೆ

ಕೆಲವರಲ್ಲಿ ಗಡ್ಡೆ ಕಟ್ಟದೆ ಮಿದುಳಿನ ಪೊರೆ ಮತ್ತು ಬೆನ್ನುಹುರಿಯ ನೀರಿನಲ್ಲೇ ಕೋಶಗಳು ಹರಡುತ್ತವೆ. ಎರಡೆರಡು ಕಾಣುವುದು, ಮುಖ ಒಂದು ಕಡೆ ಎಳೆದುಕೊಳ್ಳುವುದು, ಮೂತ್ರದ ಹಿಡಿತ ತಪ್ಪುವುದು, ಕಾಲುಗಳ ಬಲ ಕುಂದುವುದು ಹೀಗೆ ಸಂಬಂಧವಿಲ್ಲದಂಥ ಲಕ್ಷಣಗಳು ಒಟ್ಟಿಗೆ ಬಂದರೆ ಇದನ್ನು ಯೋಚಿಸಬೇಕು. ಬೆನ್ನುಹುರಿಯ ಎಂ.ಆರ್.ಐ. ಜೊತೆಗೆ ಬೆನ್ನಿನ ನೀರು ತೆಗೆದು ಪರೀಕ್ಷಿಸುತ್ತಾರೆ. ತಲೆಯ ಸ್ಕ್ಯಾನ್ ಆಗುವ ಮುಂಚೆ ನೀರು ತೆಗೆಯಬಾರದು. ಒಳಗೆ ಒತ್ತಡ ಹೆಚ್ಚಿದ್ದರೆ ಅಪಾಯ. ಮೊದಲ ಸಲ ಕ್ಯಾನ್ಸರ್ ಕೋಶ ಸಿಗದಿದ್ದರೆ "ಇಲ್ಲ" ಎಂದಲ್ಲ, ಎರಡನೇ ಸಲ ತೆಗೆದಾಗ ಸಿಗುವುದು ಹೊಸದೇನಲ್ಲ.

ಹಂತ 9: ಎಲ್ಲಿ ತೋರಿಸುವುದು, ಏನು ಒಯ್ಯುವುದು

ಕರ್ನಾಟಕದಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್‌ಗೆ, ನಿಮ್ಹಾನ್ಸ್ ಮಿದುಳು ಮತ್ತು ನರಕ್ಕೆ. ಒಂದಕ್ಕೆ ಹೋದವರನ್ನು ಇನ್ನೊಂದಕ್ಕೆ ಕಳಿಸುವುದು ಸಾಮಾನ್ಯ, ಬೇಸರಿಸಬೇಡಿ. ಗಡ್ಡೆಗೇ ಗುರಿಯಿಟ್ಟು ವಿಕಿರಣ ಕೊಡುವ ಗಾಮಾ ನೈಫ್ ನಿಮ್ಹಾನ್ಸ್‌ನಲ್ಲಿದೆ. ಬಿ.ಪಿ.ಎಲ್. ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರ್‌ನಲ್ಲಿ, ಹಣ ಕಟ್ಟುವ ಮೊದಲೇ ವಿಚಾರಿಸಿ. ಯಾವ ಪರೀಕ್ಷೆ ಸೇರುತ್ತದೆ, ರೆಫರಲ್ ಪತ್ರ ಬೇಕೇ ಎಂದು ಕೇಳಿ. ಖರ್ಚಾದ ಮೇಲೆ ಬಿಲ್ ಹಿಡಿದು ಓಡಾಡುವುದು ಕಷ್ಟ.

ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಇರಲಿ: ಮೊದಲ ಬಯಾಪ್ಸಿ ವರದಿ, ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಸಮ್ಮರಿ, ಕೀಮೋ ಮತ್ತು ವಿಕಿರಣದ ವಿವರ, ಎಲ್ಲ ಸ್ಕ್ಯಾನ್‌ಗಳ ಸಿ.ಡಿ., ಈಗಿನ ಮಾತ್ರೆಗಳ ಪಟ್ಟಿ. ಕೇಳಬೇಕಾದ್ದು: "ಈ ಕೇಸ್ ಟ್ಯೂಮರ್ ಬೋರ್ಡ್‌ನಲ್ಲಿ ಚರ್ಚೆಯಾಗುತ್ತದೆಯೇ?" ಟ್ಯೂಮರ್ ಬೋರ್ಡ್ ಎಂದರೆ ಶಸ್ತ್ರತಜ್ಞರು, ವಿಕಿರಣ ತಜ್ಞರು, ಕೀಮೋ ತಜ್ಞರು, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್ ಒಟ್ಟಿಗೆ ಕೂತು ನಿರ್ಧರಿಸುವ ಸಭೆ.

ರೋಗಿಗೆ ಹೇಳಬೇಕೇ ಎಂದು ಮನೆಯವರು ಬಾಗಿಲ ಹೊರಗೆ ಪಿಸುಗುಡುವುದು ನಮ್ಮಲ್ಲಿ ಮಾಮೂಲು. ಹೇಳಬೇಕು ಎಂಬುದು ನನ್ನ ನಿಲುವು, ಎಷ್ಟು ಮತ್ತು ಯಾವಾಗ ಎಂಬುದನ್ನು ಅವರೇ ಹೇಳಲಿ. ಈ ಕಾಯಿಲೆಯಲ್ಲಿ ಮಾತು, ನೆನಪು, ತೀರ್ಮಾನಿಸುವ ಶಕ್ತಿ ಕುಂದಬಹುದು. ಬ್ಯಾಂಕ್, ಆಸ್ತಿ, ಚಿಕಿತ್ಸೆಯ ಬಗ್ಗೆ ಅವರ ಇಷ್ಟ ಕೇಳಲು ಒಳ್ಳೆಯ ಸಮಯ ಅವರು ಸ್ಪಷ್ಟವಾಗಿ ಮಾತಾಡುತ್ತಿರುವಾಗಲೇ.

ಹಂತ 10: ಚಿಕಿತ್ಸೆಯ ನಂತರದ ಸ್ಕ್ಯಾನ್

ಪತ್ತೆಯ ಕೆಲಸ ಒಮ್ಮೆಗೆ ಮುಗಿಯುವುದಿಲ್ಲ. ವಿಕಿರಣದ ನಂತರ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೊಮ್ಮೆ ಎಂ.ಆರ್.ಐ. ಇರುತ್ತದೆ. ಆಗ ಒಂದು ಗೊಂದಲ ಎದುರಾಗಬಹುದು: ಗಡ್ಡೆ ದೊಡ್ಡದಾದಂತೆ ಕಾಣುತ್ತದೆ. ಅದು ಕ್ಯಾನ್ಸರ್ ಮರಳಿದ್ದೂ ಆಗಿರಬಹುದು, ವಿಕಿರಣದಿಂದ ಸತ್ತ ಅಂಗಾಂಶದ ಊತವೂ ಆಗಿರಬಹುದು. ಎರಡನೆಯದಕ್ಕೆ 'ರೇಡಿಯೇಷನ್ ನೆಕ್ರೋಸಿಸ್' ಎನ್ನುತ್ತಾರೆ, ಚಿಕಿತ್ಸೆಯಾಗಿ ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ ಬರುತ್ತದೆ. ಎರಡರ ಚಿಕಿತ್ಸೆಯೂ ಬೇರೆ ಬೇರೆ, ಸಾಮಾನ್ಯ ಎಂ.ಆರ್.ಐ.ನಲ್ಲಿ ಎರಡೂ ಒಂದೇ ಥರ. ಪರ್ಫ್ಯೂಷನ್ ಚಿತ್ರ, ಅಮೈನೊ ಆಮ್ಲ ಬಳಸುವ ವಿಶೇಷ ಪೆಟ್, ಕೆಲವೊಮ್ಮೆ ಕೆಲ ವಾರ ಬಿಟ್ಟು ಮತ್ತೆ ಸ್ಕ್ಯಾನ್, ಅದಕ್ಕೂ ಬಗೆಹರಿಯದಿದ್ದರೆ ಬಯಾಪ್ಸಿ. "ದೊಡ್ಡದಾಗಿದೆ" ಎಂದ ಕೂಡಲೇ ಔಷಧಿ ಬದಲಿಸುವ ಮುನ್ನ ಈ ಪ್ರಶ್ನೆ ಕೇಳಿ. ಸಾಧ್ಯವಾದಷ್ಟೂ ಅದೇ ಕೇಂದ್ರದ ಅದೇ ಯಂತ್ರದಲ್ಲಿ ಮಾಡಿಸಿ, ವಿಕಿರಣ ಕೊಟ್ಟ ದಿನದ ಯೋಜನಾ ಚಿತ್ರಗಳ ಸಿ.ಡಿ.ಯನ್ನೂ ಪ್ರತಿ ಸಲ ಒಯ್ಯಿರಿ. ಗಡ್ಡೆಯ ಯಾವ ಭಾಗಕ್ಕೆ ಎಷ್ಟು ವಿಕಿರಣ ಬಿದ್ದಿತ್ತು ಎಂಬುದನ್ನು ಅದರ ಜೊತೆಗಿಟ್ಟು ನೋಡಿದಾಗಲೇ ರೇಡಿಯಾಲಜಿಸ್ಟ್ ಹೊಸ ಚಿತ್ರದ ಬಗ್ಗೆ ಧೈರ್ಯವಾಗಿ ಬರೆಯಬಲ್ಲರು.